ಕರಿಯಾನ ಶನಿವಾರ

ಯಾದಗಿರಿಯಾಗ ಗಾಯ ಆದ ಬೀದಿ ನಾಯಿ ತಂದು ಸಾಕೋ ನಮ್ಮ ಶೆಡ್‌ನ್ಯಾಗ ಒಂದು ಪದ್ಧತಿ ಅದ. ಯಾರೂ ಸಾಕಾಕ ಒಯ್ಯದ ನಾಯಿನ ವಾರಕ್ಕೊಮ್ಮೆ ನಮ್ಮಾಗ ಯಾರಾದ್ರೂ ಹೊರಗ ಅಡ್ಡಾಡಿಸಿಕೊಂಡು ಬರಬೇಕು. ನನ್ನ ಪಾಲಿಗಿ ಬಂದವ ಕರಿಯಾ. ಮೈಯೆಲ್ಲ ಕಪ್ಪು, ಸ್ವಭಾವ ಬೆಣ್ಣಿ. ಬಂದವರೆಲ್ಲ ಬಿಳೇವು, ಕೆಂಪನ್ನವು ಆರಿಸಿ ಒಯ್ತಾರ, ಇವನ ಗೂಡಿನ ಮುಂದ ನಿಲ್ಲೋದೇ ಇಲ್ಲ.

ಹೋದ ಶನಿವಾರ ಅವನ್ನ ಗೆಳೆಯನ ಜೀಪಿನ್ಯಾಗ ಶಹಾಪುರಕ್ಕ ಕರ್ಕೊಂಡು ಹೋದೆ. ಹಣಮಂದೇವ್ರ ಗುಡಿ ಮುಂದ ಇಳಿದದ್ದೇ ತಡ, ಜನ ಮುತ್ತಿದರು. ಒಬ್ಬಾಕಿ ಎಳ್ಳೆಣ್ಣಿ ಹಚ್ಚಿದ ರೊಟ್ಟಿ ತಿನ್ನಿಸಿ ಅವನಿಗಿ ಕೈಮುಗಿದಳು. "ಶನಿವಾರ ಕರೇ ನಾಯಿಗಿ ರೊಟ್ಟಿ ಹಾಕಿದ್ರ ಶನಿಕಾಟ ಕಳೀತದ್ರಿ. ಇಂಥಾ ಪೂರಾ ಕರೇದು ಎಲ್ಲಿ ಸಿಗ್ತದ?" ಅಂದಳು.

ಕರಿಯಾ ಬಾಲ ಅಲ್ಲಾಡಿಸಿ ಆಕಿ ಕಾಲಿಗೇ ಒರಗಿದ. ನನಗ ಆಸಿ ಹುಟ್ಟಿತು. "ಅಕ್ಕಾ, ಇವನಿಗಿ ಮನಿ ಇಲ್ಲ. ನೀವೇ ಒಯ್ರಿ" ಅಂದೆ.

ಆಕಿ ಸೀರಿ ಎಳ್ಕೊಂಡು ಹಿಂದ ಸರಿದಳು. "ಅಯ್ಯ! ಕರೇ ನಾಯಿ ಇಟ್ಕೊಂಡ್ರ ಶನಿನೇ ಮನಿ ಹೊಕ್ಕಂಗಲ್ಲೇನ್ರಿ?"

ನನ್ನ ನೆತ್ತಿ ಉರೀತು. "ರೊಟ್ಟಿ ತಿನ್ನುವಾಗ ದೇವರು, ಹೊಸ್ತಿಲು ದಾಟಿದ್ರ ಪೀಡಾ ಏನ್ರಿ?" ಅಂತ ಕೇಳಿದೆ.

ಆಕಿ ಸಿಟ್ಟಾಗಲೇ ಇಲ್ಲ. "ಬರೋ ಶನಿವಾರನೂ ಕರ್ಕೊಂಡು ಬರ್ರಿ ಅಣ್ಣಾ, ತಪ್ಪಿಸಬ್ಯಾಡ್ರಿ" ಅಂದು ಹೋದಳು.

ಜನರ ಶನಿ ಬಿಡ್ತೋ ಇಲ್ಲೋ ಗೊತ್ತಿಲ್ಲ. ಕರಿಯಾಗ ಹತ್ತಿದ ಶನಿ ಮಾತ್ರ ಎರಡು ಕಾಲಿನ ಮ್ಯಾಲ ಅಡ್ಡಾಡಾಕತ್ತದ.