ವೀಸಾ ಇಲ್ಲದ ಯೋಧ

ನಗುವಾಗ ಅಂಕಲ್ ಅವರ ಕಿವಿಗಳು ಮೇಲಕ್ಕೆ ಸರಿಯುತ್ತಿದ್ದವು. ಎಡಗಿವಿ ಮೊದಲು, ಬಲಗಿವಿ ಆಮೇಲೆ. ನಾನು ಬರೆದದ್ದು ಎಷ್ಟು ಕೆಟ್ಟದಾಗಿದೆ ಎಂದು ತಿಳಿಯಲು ಅವರ ಕಿವಿ ನೋಡಿದರೆ ಸಾಕಿತ್ತು.

ಅವರು ವೆಸ್ಟ್ ವಿಂಡ್ಸರ್‌ನಲ್ಲಿ ನನ್ನ ಮನೆಯ ಓನರ್. ಧಾರವಾಡದವರು, ನಿವೃತ್ತ ಮೂಳೆ ಡಾಕ್ಟರು, ಆಂಟಿ ತೀರಿಕೊಂಡ ಮೇಲೆ ಒಬ್ಬರೇ. ಮೇಲೆ ಅವರು, ಕೆಳಗೆ ಬೇಸ್‌ಮೆಂಟಿನಲ್ಲಿ ನಾನು. ಇಬ್ಬರ ಮನೆಗೂ ಯಾರೂ ಬರುತ್ತಿರಲಿಲ್ಲ. ನಾನು ಅದನ್ನು ಒಂಟಿತನ ಎನ್ನದೆ, ಕಾದಂಬರಿ ಬರೆಯುತ್ತಿದ್ದೇನೆ ಎನ್ನುತ್ತಿದ್ದೆ. ಅದೂ ಎಂಥದ್ದು? ಸಾವಿರ ವರ್ಷದ ಹಿಂದೆ ಹಿಮದ ನಾಡಿನಿಂದ ಹಡಗೇರಿ ಬಂದು ಊರೂರು ದೋಚಿದ ವೈಕಿಂಗರ ಕಥೆ, ಕನ್ನಡದಲ್ಲಿ. ಸಮುದ್ರದ ಅನುಭವ ಬೇಕೆಂದು ಹೋಬೋಕನ್‌ನಲ್ಲಿ ಫೆರ್ರಿ ದೋಣಿ ಹತ್ತಿ, ಮ್ಯಾನ್‌ಹ್ಯಾಟನ್ ಮುಟ್ಟುವ ಮೊದಲೇ ವಾಂತಿ ಮಾಡಿಕೊಂಡು, ವಾಪಸ್ ರೈಲಿನಲ್ಲಿ ಬಂದ ವೀರ ನಾನು.

ಶನಿವಾರ ಹನ್ನೊಂದಕ್ಕೆ ಅಂಕಲ್ ಚುರುಮುರಿ ತಂದು ಗಿರ್ಮಿಟ್ ಕಲೆಸುತ್ತಿದ್ದರು, ನಾನು ಆ ವಾರದ ಅಧ್ಯಾಯ ಓದುತ್ತಿದ್ದೆ. ಈರುಳ್ಳಿ ಹೆಚ್ಚುತ್ತಲೇ ತಿದ್ದುತ್ತಿದ್ದರು. ಹೊಟ್ಟೆಗೆ ಕೊಡಲಿ ಬಿದ್ದ ಸೈನಿಕನೊಬ್ಬ ಎರಡು ಪುಟ ಮಾತಾಡಿದಾಗ, "ತಮ್ಮಾ, ಇವ ಸಾಯ್ಲಿಕ್ಕೆ ಹತ್ಯಾನೋ, ಸನ್ಮಾನಕ್ಕ ಉತ್ತರ ಕೊಡ್ಲಿಕ್ಕೆ ಹತ್ಯಾನೋ?" ಎಂದರು. ನನ್ನ ನಾಯಕ ಉಲ್ಫ್, ದೊರೆಗೆ ಪ್ರಾಣ ಕೊಡಬಲ್ಲ ನಿಷ್ಠಾವಂತ ಯೋಧ, ದರ್ಬಾರಿನ ಹೊರಗೆ ಹಿಮದಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಹೋದ ದಿನ ಅಂಕಲ್ ಚಾಕು ಕೆಳಗಿಟ್ಟರು. ಎರಡೂ ಕಿವಿ ಏರಿದವು.

"ಫ್ರಾಸ್ಟ್‌ಬೈಟ್ ಆಗಿ ಕಾಲಬೆರಳು ಉದುರ್ತಾವ! ಯುದ್ಧಕ್ಕ ವ್ಹೀಲ್‌ಚೇರ್‌ನ್ಯಾಗ ಕಳಸ್ತೀಯೇನು?"

"ದೊಡ್ಡವರ ಮನೆ ಅಲ್ವಾ ಅಂಕಲ್, ಬೂಟು ಹಾಕ್ಕೊಂಡು ಹೇಗೆ..."

ಆದರೆ ನಿಜವಾದ ಪೆಟ್ಟು ಬಿದ್ದದ್ದು ಏಳನೆಯ ಅಧ್ಯಾಯಕ್ಕೆ. ದೊರೆ ಹೇಳಿದ್ದಕ್ಕೆಲ್ಲ ಉಲ್ಫ್ ತಲೆಯಾಡಿಸುತ್ತಾನೆ, ಹಬ್ಬದ ದಿನವೂ ಕಾವಲು ಕಾಯುತ್ತಾನೆ, ಬೈದರೂ ನಗುತ್ತಾನೆ. ಅಂಕಲ್ ಮಾತ್ರ ನಗಲಿಲ್ಲ.

"ಇವ ನಿಷ್ಠಾವಂತ ಅಲ್ಲೋ. ಎಚ್‌ಒನ್‌ಬಿ ವೀಸಾ ಮ್ಯಾಲೆ ಇದ್ದಾನ."

"ಅಂಕಲ್!"

"ಮತ್ತ? ಕೆಲಸ ಹೋದ್ರ ಅರವತ್ತು ದಿವಸದಾಗ ದೇಶ ಬಿಡಬೇಕು ಅಂತ ಹೂಂ ಹೂಂ ಅನ್ಲಿಕ್ಕೆ ಹತ್ಯಾನ. ಇವ ದೊರಿ ಅಲ್ಲ, ನಿನ್ನ ಮ್ಯಾನೇಜರ್."

ಉಲ್ಫ್‌ನ ಅರ್ಧ ಮಾತುಗಳನ್ನು ನನ್ನ ಆಫೀಸಿನ ಈಮೇಲ್‌ಗಳಿಂದಲೇ ಎತ್ತಿದ್ದೆನೆಂಬುದು ನನಗೆ ಆಗ ಹೊಳೆಯಿತು.

"ಅವಗ ಹೋಗ್ಲಿಕ್ಕೆ ಒಂದು ದಾರಿ ಕೊಡು," ಎಂದರು ಅಂಕಲ್. "ಬ್ಯಾರೆ ಹಡಗ ಬರ್ಲಿ, ಬ್ಯಾರೆ ದೊರಿ ಕರೀಲಿ. ಯಾರೂ ತಡೀಬಾರ್ದು. ಆಮ್ಯಾಲೆ ಅವ ಏನ್ ಮಾಡ್ತಾನ ಅಂತ ನನಗ ಓದಿ ಹೇಳು."

ಆ ಅಧ್ಯಾಯ ಬರೆಯುವ ಮೊದಲೇ ಅಂಕಲ್ ಮನೆ ಮುಂದಿನ ಡ್ರೈವ್‌ವೇಯ ಐಸ್ ಮೇಲೆ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಗಿ, ಮತ್ತೆ ನಡೆಯಲು ಕಲಿಸುವ ರಿಹ್ಯಾಬ್ ಸೆಂಟರ್ ಸೇರಿದರು. ಅದೇ ತಿಂಗಳು, ಒಂದು ಗಂಟೆ ದೂರದ ಮಾರಿಸ್‌ಟೌನ್‌ನಲ್ಲಿ, ಆಫೀಸಿನ ಪಕ್ಕದಲ್ಲೇ, ನನಗೊಂದು ಅಪಾರ್ಟ್‌ಮೆಂಟ್ ಸಿಕ್ಕಿತು. ಅವರ ಹಾಸಿಗೆಯ ಪಕ್ಕ ನಿಂತು ಅದನ್ನು ಹೇಳಲಾಗದೆ ತೊದಲಿದೆ.

"ನಾ ಏನ್ ನಿನ್ನ ವೀಸಾ ಸ್ಪಾನ್ಸರ್ ಮಾಡೇನೇನು? ಹೋಗು," ಎಂದರು. ಆಮೇಲೆ, "ಶನಿವಾರ ಬರ್ತೀಯಲ್ಲ? ಉಲ್ಫ್ ಏನ್ ಮಾಡಿದ ಅಂತ ಗೊತ್ತಾಗ್ಬೇಕು ನನಗ."

"ಪ್ರತಿ ಶನಿವಾರ ಅಂಕಲ್. ಪ್ರಾಮಿಸ್."

ಎರಡು ಶನಿವಾರ ಹೋದೆ. ಮೂರನೆಯದಕ್ಕೆ ಹಿಮ ಬಿತ್ತು. ನಾಲ್ಕನೆಯದಕ್ಕೆ ಲಾಂಡ್ರಿ ಇತ್ತು. ಐದನೆಯದಕ್ಕೆ ಅಧ್ಯಾಯ ಮುಗಿದಿರಲಿಲ್ಲ, ಬರಿಗೈಲಿ ಹೇಗೆ ಹೋಗುವುದು? ನಿಷ್ಠೆಯ ಬಗ್ಗೆ ಬರೆಯಲು ಏಕಾಂತ ಬೇಕೆಂದು ಮಾರಿಸ್‌ಟೌನ್‌ನಲ್ಲೇ ಕೂತ ಮಹಾನುಭಾವ ನಾನು. "ಬಿಜಿ ಅಂಕಲ್, ಮುಂದಿನ ವಾರ ಗ್ಯಾರಂಟಿ" ಎಂದು ಮೆಸೇಜ್ ಹಾಕಿದರೆ ಅವರಿಂದ ಹೆಬ್ಬೆರಳಿನ ಚಿತ್ರ ಬರುತ್ತಿತ್ತು.

ಆರನೆಯ ಶನಿವಾರ ಹೋದೆ. ಹಾಸಿಗೆ ಖಾಲಿ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಗುರುವಾರವೇ ಹೋಗಿಬಿಟ್ಟಿದ್ದರು. ನಾನು ಸಂಬಂಧಿಕನಲ್ಲವಲ್ಲ, ಯಾರೂ ತಿಳಿಸಿರಲಿಲ್ಲ.

"ಶನಿವಾರದ ಹುಡುಗ ನೀನೇನಾ?" ಎಂದು ನರ್ಸ್ ಇಂಗ್ಲಿಷಿನಲ್ಲಿ ಕೇಳಿದಳು. ಅಂಕಲ್‌ಗೆ ಶನಿವಾರ ಹನ್ನೊಂದಕ್ಕೆ ಥೆರಪಿ ಇತ್ತಂತೆ. "ಆ ಹೊತ್ತಿಗೆ ನನ್ನ ಹುಡುಗ ಕಥೆ ಓದಿ ಹೇಳಲು ಬರುತ್ತಾನೆ" ಎಂದು ಜಗಳವಾಡಿ ಎಂಟಕ್ಕೆ ಹಾಕಿಸಿಕೊಂಡಿದ್ದರಂತೆ. ಪ್ರತಿ ವಾರವೂ ಒಗೆದ ಶರ್ಟು ತೊಟ್ಟು, ಎದುರಿಗೆ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರಂತೆ. ಊಟದ ತಟ್ಟೆ ಬಂದರೆ, ಇನ್ನೂ ಸ್ವಲ್ಪ ಹೊತ್ತು ನೋಡೋಣ ಎನ್ನುತ್ತಿದ್ದರಂತೆ.

ನನ್ನ ಬ್ಯಾಗಿನಲ್ಲಿ ಅಧ್ಯಾಯವಿತ್ತು. ಅದರಲ್ಲಿ ಉಲ್ಫ್ ಹೊಸ ಹಡಗನ್ನು ಕಳಿಸಿಬಿಟ್ಟು, ಎಂಟು ಪುಟ ಪ್ರತಿಜ್ಞೆ ಮಾಡಿ ದೊರೆಯ ಬಳಿಯೇ ಉಳಿದಿದ್ದ. ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ ಕೂತು, ಆ ಎಂಟು ಪುಟವನ್ನೂ ಹೊಡೆದು ಹಾಕಿದೆ. ಅದರ ಜಾಗದಲ್ಲಿ ಒಂದೇ ಸಾಲು ಬರೆದೆ. ಉಲ್ಫ್ ಒಗೆದ ಅಂಗಿ ತೊಟ್ಟು, ಖಾಲಿ ಪೀಠವೊಂದನ್ನು ಎದುರಿಗೆ ಎಳೆದುಕೊಂಡು, ಕಾದ.