ಏಳು ಮನೆಯ ಆಟಗಾರ

ಆಗ ನಮ್ಮ ರಾಜಾಜಿನಗರದ ಬೀದಿಯಲ್ಲಿ ಮನೆಗಳಷ್ಟೇ ಖಾಲಿ ಸೈಟುಗಳೂ ಇದ್ದವು. ಅಲ್ಲಿ ಬೆಳೆದವರಿಗೆ ನಾನು ಹೇಳುವ ಸೈಟು ತಮ್ಮ ತಮ್ಮ ಬೀದಿಯದಾಗಿಯೇ ನೆನಪಾಗಬಹುದು. ನಮ್ಮದು ನೀರಿನ ಟ್ಯಾಂಕಿನ ಪಕ್ಕದಲ್ಲಿತ್ತು. ಕಲ್ಲು ಆಯ್ದು, ಲಂಟಾನ ಕಡಿದು, ನೆಲ ಮಟ್ಟ ಮಾಡಿ ಅದನ್ನು ಬಾಲ್ ಬ್ಯಾಡ್ಮಿಂಟನ್ ಅಂಕಣವಾಗಿಸಿದವರಲ್ಲಿ ಅಪ್ಪ ಮೊದಲಿಗರು.

ಸಂಜೆ ಕಾರ್ಖಾನೆಯ ಸೈರನ್ ಕೂಗಿ, ಗಾಳಿ ಇಳಿದ ಮೇಲೆ ಆಟ ಶುರುವಾಗುತ್ತಿತ್ತು. ಒಂದೊಂದು ಕಡೆ ಐದು ಜನ, ನಡುವೆ ನೆಟ್, ಹಳದಿ ಉಣ್ಣೆಯ ಚೆಂಡು. ಚೆಂಡು ಚರಂಡಿಗೆ ಬಿದ್ದರೆ ಎತ್ತಿ, ಒರೆಸಿ ಕೊಡುವ ಕೆಲಸ ನನ್ನದು. ಒದ್ದೆ ಉಣ್ಣೆಯ ವಾಸನೆ, ಗೆರೆ ಎಳೆದ ಸುಣ್ಣದ ವಾಸನೆ ಎರಡೂ ರಾತ್ರಿ ಊಟದವರೆಗೆ ಕೈಯಲ್ಲಿ ಉಳಿಯುತ್ತಿದ್ದವು. ಐವರ ನಡುವೆ ನಿಲ್ಲುವವನನ್ನು ಸೆಂಟರ್ ಎನ್ನುತ್ತಿದ್ದರು. ಎದುರಾಳಿಗಳು ಹೊಡೆದ ಚೆಂಡು ಹೆಚ್ಚಾಗಿ ಬರುವುದು ಅವನ ಬಳಿಗೆ. ನಮ್ಮ ಬೀದಿಯ ಸೆಂಟರ್ ಅಪ್ಪ.

ಪ್ರತಿ ವರ್ಷ ಬಡಾವಣೆಗಳ ನಡುವೆ ಪಂದ್ಯಗಳಾಗಿ, ಯುಗಾದಿಯ ಸಂಜೆ ಫೈನಲ್ ನಡೆಯುತ್ತಿತ್ತು. ಗೆದ್ದವರಿಗೆ ಒಂದು ಶೀಲ್ಡ್. ನಮ್ಮವರು ಅದುವರೆಗೆ ಫೈನಲ್‌ಗೆ ಹೋದದ್ದೇ ಇರಲಿಲ್ಲ. ಆ ವರ್ಷ ತಂಡದ ನಾಯಕರಾದ ರಾಜಶೇಖರ ಮೇಷ್ಟ್ರು ಕುಣಿಗಲ್ ಕಡೆಯ ಗಂಗಾಧರ ಎಂಬ ಹುಡುಗನನ್ನು ಕರೆತರುವುದಾಗಿ ಹೇಳಿದರು. ಅವನ ಆಟ ನೋಡಿದವರು ಬೇರೆ ಯಾರ ಆಟವನ್ನೂ ನೋಡುವುದಿಲ್ಲವಂತೆ. ಸಂಬಳ ಕೊಟ್ಟು ಇಟ್ಟುಕೊಳ್ಳುವ ಶಕ್ತಿ ನಮ್ಮ ಬೀದಿಗಿರಲಿಲ್ಲ. ಹಿಂದೆ ಓದಲು ಬಂದ ಬಡ ಹುಡುಗರಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಹಾಕುತ್ತಿದ್ದರಲ್ಲ, ಆ ವಾರಾನ್ನವನ್ನೇ ಇವನಿಗೂ ಮಾಡೋಣ ಎಂದರು ಮೇಷ್ಟ್ರು. ಮಲಗಲು ಅವರ ಮನೆಯ ಹಿಂದಿನ ಕೋಣೆ, ಊಟಕ್ಕೆ ಏಳು ಮನೆ.

ಈ ಮಾತು ನಡೆದದ್ದು ನಮ್ಮ ಜಗಲಿಯ ಮೇಲೆ. ಪಕ್ಕದ ಮನೆಯ ಲಲಿತಮ್ಮ ಕಾಂಪೌಂಡಿನ ಆಚೆಯಿಂದಲೇ ಕೇಳಿದರು.

"ಓದೋ ಹುಡುಗರಿಗೆ ಅನ್ನ ಹಾಕಿದ್ರೆ ಪುಣ್ಯ ಬರುತ್ತೆ. ಚೆಂಡು ಹೊಡೆಯೋನಿಗೆ ಹಾಕಿದ್ರೆ ಏನ್ರೀ ಬರುತ್ತೆ?"

"ಶೀಲ್ಡ್ ಬರುತ್ತೆ ಕಣಮ್ಮ," ಎಂದರು ಮೇಷ್ಟ್ರು.

"ಅದ್ರಲ್ಲಿ ಸಾರು ಕುದಿಸಬಹುದಾ?"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಯಾರೋ, ಹುಡುಗ ಎಲ್ಲಿ ಆಡುತ್ತಾನೆ ಎಂದು ಕೇಳಿದರು. ಮೇಷ್ಟ್ರು ಅಪ್ಪನ ಕಡೆ ನೋಡಿದರು. ಅಪ್ಪ ತಮ್ಮ ಬ್ಯಾಟಿನ ತಂತಿಗಳನ್ನು ಬೆರಳಿನಿಂದ ಸರಿಪಡಿಸುತ್ತಿದ್ದರು.

"ಸೆಂಟರಲ್ಲೇ ಹಾಕಿ. ನಾನು ಪಕ್ಕದಲ್ಲಿರ್ತೀನಿ," ಎಂದರು.

ಪಕ್ಕ ಎಂದರೆ ಗೆರೆಯ ಆಚೆ, ಯಾರಿಗಾದರೂ ಪೆಟ್ಟಾದರೆ ಒಳಗೆ ಹೋಗುವವರ ಜಾಗ. ಅದು ನನಗೆ ಮೊದಲ ಪಂದ್ಯದ ದಿನವಷ್ಟೇ ತಿಳಿಯಿತು.

ಎಲ್ಲರೂ ಹೋದ ಮೇಲೆ ಅಪ್ಪ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಒಂದ್ಸಲ ಆ ಫೈನಲ್ ಆಡಬೇಕು ಅಂತಿತ್ತು ಕಣೇ. ಮುಂದಿನ ವರ್ಷಕ್ಕೆ ಈ ಮಂಡಿ ಬರೋ ಹಾಗಿಲ್ಲ," ಎಂದರು.

"ಅದನ್ನ ಅವರಿಗೇ ಹೇಳಬಾರದಿತ್ತಾ?" ಎಂದಳು ಅಮ್ಮ.

ಅಪ್ಪ ಕೈಕಾಲು ತೊಳೆಯಲು ಹೋದರು.

ಗಂಗಾಧರ ಸಂಕ್ರಾಂತಿ ಕಳೆದ ಮೇಲೆ ಬಂದ. ತೆಳ್ಳಗೆ, ಉದ್ದಕ್ಕೆ ಇದ್ದ, ಮಾತು ಕಡಿಮೆ. ಅವನ ಆಟ ನಿಜಕ್ಕೂ ಚೆನ್ನಾಗಿತ್ತು. ಅವನು ಹೊಡೆದ ಚೆಂಡು ನೆಟ್ ದಾಟುವಾಗ ಒಂದು ದಿಕ್ಕಿಗೆ ಹೊರಟು, ಬೀಳುವ ಹೊತ್ತಿಗೆ ಇನ್ನೊಂದು ದಿಕ್ಕಿಗೆ ತಿರುಗಿರುತ್ತಿತ್ತು. ಓಡಿದ ಹಾಗೇ ಕಾಣುತ್ತಿರಲಿಲ್ಲ, ಆದರೆ ಚೆಂಡು ಬರುವ ಮೊದಲೇ ಅಲ್ಲಿರುತ್ತಿದ್ದ. ಅತ್ತಿಗುಪ್ಪೆಯಿಂದ ಸೈಕಲ್ಲಿನಲ್ಲಿ ಜನ ನೋಡಲು ಬಂದರು. ಸಂಜೆ ದೊಡ್ಡವರ ಆಟ ಮುಗಿದ ಮೇಲೆ ಹರಕು ಬ್ಯಾಟು ಹಿಡಿದು ಕತ್ತಲಾಗುವವರೆಗೆ ಆಡುತ್ತಿದ್ದ ಬೀದಿಯ ಮಕ್ಕಳು ಅದನ್ನು ಬಿಟ್ಟರು. ಅವನ ಆಟ ನೋಡಿದ ಮೇಲೆ ತಾವು ಆಡಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ನಾನು ಚೆಂಡು ಎತ್ತಿಕೊಡುತ್ತಲೇ ಇದ್ದೆ.

ಗುರುವಾರ ನಮ್ಮ ಮನೆಯ ವಾರ. ಅವನು ತಲೆ ಬಗ್ಗಿಸಿ ಊಟ ಮಾಡುತ್ತಿದ್ದ. ಬಡಿಸಿದ್ದನ್ನೆಲ್ಲ ತಿನ್ನುತ್ತಿದ್ದ, ಎಲೆಯಲ್ಲಿ ಕರಿಬೇವು ಕೂಡ ಉಳಿಯುತ್ತಿರಲಿಲ್ಲ. ತುಪ್ಪದ ಮಿಳ್ಳೆ ಮೊದಲು ಅವನ ಎಲೆಗೆ ಹೋಗಿ ಆಮೇಲೆ ನಮ್ಮ ಕಡೆ ಬರುತ್ತಿತ್ತು.

ಒಂದು ಗುರುವಾರ ಅಮ್ಮ ಒಳಗೆ ಹೋದಾಗ ನಾನು ಕೇಳಿದೆ. "ಗಂಗಣ್ಣ, ನೀವು ಸಾಕು ಅಂತ ಯಾಕೆ ಹೇಳಲ್ಲ?"

ಅವನು ಅನ್ನ ಕಲಸುತ್ತ ಹೇಳಿದ.

"ನಾನು ಚಿಕ್ಕಂದಿನಿಂದ ವಾರಾನ್ನದಲ್ಲೇ ಓದಿದ್ದು ಪುಟ್ಟಿ. ಒಂದ್ಸಲ ಹೊಟ್ಟೆ ಸರಿ ಇರ್ಲಿಲ್ಲ, ಒಂದು ಮನೇಲಿ ಬೇಡ ಅಂದೆ. ಮುಂದಿನ ವಾರ ಹೋದ್ರೆ ಬಾಗಿಲು ತೆಗೀಲಿಲ್ಲ."

ಅಮ್ಮ ಮಜ್ಜಿಗೆ ತಂದಳು. ಅದನ್ನೂ ಹಾಕಿಸಿಕೊಂಡ.

ಅವನಿಂದಾಗಿಯೇ ನಮ್ಮ ಬೀದಿ ಫೈನಲ್‌ಗೆ ಬಂತು. ಇದನ್ನು ಅಲ್ಲಗಳೆಯುವವರು ಈಗಲೂ ಇಲ್ಲ. ಎದುರಾಳಿಗಳು ಮಹಾಲಕ್ಷ್ಮಿ ಲೇಔಟಿನವರು.

ಯುಗಾದಿಯ ದಿನ ಎಲ್ಲ ಮನೆಯಲ್ಲೂ ಹೋಳಿಗೆ. ಆ ದಿನದ ವಾರ ಯಾರದು ಎಂಬ ಪ್ರಶ್ನೆ ಎದ್ದಿತು. ಇಷ್ಟು ದಿನ ಊಟ ಹಾಕಿ, ಹಬ್ಬದ ದಿನ, ಅದೂ ಶೀಲ್ಡ್ ಬರುವ ದಿನ, ಅವನನ್ನು ಬಿಟ್ಟು ಉಣ್ಣಲು ಯಾವ ಮನೆಯೂ ಒಪ್ಪಲಿಲ್ಲ. "ಒಂದೇ ಒಂದು ಹೋಳಿಗೆ ತಿಂದು ಹೋಗಲಿ," ಎಂದು ಪ್ರತಿ ಮನೆಯಿಂದಲೂ ಕರೆ ಹೋಯಿತು. ಒಂದು ಹೋಳಿಗೆಯ ಹಿಂದೆ ಮಾವಿನಕಾಯಿ ಚಿತ್ರಾನ್ನ, ಆಂಬೊಡೆ, ಪಾಯಸ ಬರುತ್ತವೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಟಗಾರನಿಗೆ ಶಕ್ತಿ ಬೇಕು ಎಂದೇ ಎಲ್ಲರೂ ಬಡಿಸಿದರು.

ನಮ್ಮ ಮನೆಗೆ ಬಂದಾಗ ಅವನ ಹಣೆಯಲ್ಲಿ ಬೆವರಿತ್ತು.

"ಉಳಿದವರ ಮನೇಲೆಲ್ಲ ಆಯ್ತೇನಪ್ಪ?" ಎಂದಳು ಅಮ್ಮ.

"ನಿಮ್ಮದೊಂದು ಉಳಿದಿತ್ತು ಅಮ್ಮ."

ಅಮ್ಮ ಹೋಳಿಗೆಯ ತಟ್ಟೆ ಹಿಡಿದು ಒಂದು ಕ್ಷಣ ನಿಂತಳು. ಆಮೇಲೆ, "ಹಬ್ಬದ ದಿನ ಬರೀ ಎಲೆಯಿಂದ ಎಬ್ಬಿಸಬಾರದು," ಎಂದು ಹಾಕಿದಳು. ಬೇಡ ಎನ್ನುತ್ತಾನೇನೋ ಎಂದು ನಾನು ಅವನ ಮುಖ ನೋಡಿದೆ. ಅವನು ಹೋಳಿಗೆ ಮುರಿದ.

ಅಪ್ಪ ಜಗಲಿಯಲ್ಲಿ ಕೂತು ತಮ್ಮ ಕ್ಯಾನ್ವಾಸ್ ಶೂಗಳಿಗೆ ಬಿಳಿ ಪಾಲಿಶ್ ಹಚ್ಚುತ್ತಿದ್ದರು. ಅಲ್ಲಿಂದ ಎಲೆ ಕಾಣುತ್ತಿತ್ತು. ಅವರು ಏನು ಯೋಚಿಸುತ್ತಿದ್ದರೋ ನನಗೆ ಗೊತ್ತಿಲ್ಲ. ಬ್ರಶ್ ಮಾತ್ರ ನಿಂತಿತ್ತು.

ಫೈನಲ್‌ನಲ್ಲಿ ಮೂರರಲ್ಲಿ ಎರಡು ಆಟ ಗೆದ್ದವರಿಗೆ ಶೀಲ್ಡ್. ಮೊದಲ ಆಟವನ್ನು ನಮ್ಮವರು ಸೋತರು. ಗಂಗಾಧರನ ಕಾಲು ಏಳುತ್ತಿರಲಿಲ್ಲ. ಅವನ ಎಡಗಡೆ ಬಿದ್ದ ಚೆಂಡುಗಳನ್ನು ಅವನು ನೋಡುತ್ತ ನಿಂತ. ಒಮ್ಮೆ ಸರ್ವ್ ಮಾಡುವ ಮೊದಲು ಹೊಟ್ಟೆ ಹಿಡಿದುಕೊಂಡ. ನೋಡಲು ಬಂದಿದ್ದ ಜನ ಮೊದಲು ಕೂಗಿದರು, ಆಮೇಲೆ ಸುಮ್ಮನಾದರು. ವಿರಾಮದಲ್ಲಿ ಅಪ್ಪ ಎದ್ದು ನಿಂತು, ಬ್ಯಾಟು ಸೊಟ್ಟಗಾಗದಂತೆ ಅದಕ್ಕೆ ಬಿಗಿದಿಡುವ ಮರದ ಚೌಕಟ್ಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು.

ತಂಡದವರೊಬ್ಬರು, "ಮೇಷ್ಟ್ರೇ, ಅವನು ಕೂತ್ಕೊಳ್ಳಲಿ. ಶ್ರೀಕಂಠಯ್ಯನವರು ಬರ್ಲಿ," ಎಂದರು. ಶ್ರೀಕಂಠಯ್ಯ ನಮ್ಮ ಅಪ್ಪ.

ಮೇಷ್ಟ್ರು ದನಿ ತಗ್ಗಿಸಿದರು. "ಏಳು ಮನೆಯವರೂ ಇಲ್ಲೇ ನಿಂತಿದಾರೆ. ಇಷ್ಟು ದಿನ ಹಾಕಿದ್ದು ಇವತ್ತಿಗೇ ಅಲ್ವೇನ್ರೀ? ಈಗ ಕೂರಿಸಿದ್ರೆ ಅವರಿಗೆ ಏನು ಹೇಳ್ಲಿ?" ಆಮೇಲೆ ಗಂಗಾಧರನ ಭುಜ ಮುಟ್ಟಿ ಕೇಳಿದರು. "ಆಗುತ್ತಾ ಗಂಗಾಧರ?"

"ಆಗುತ್ತೆ ಸಾರ್."

ಆಗುವುದಿಲ್ಲ ಎಂದು ಅವನು ಹೇಳಲಾರ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಪ್ಪ ಮತ್ತೆ ಕೂತರು. ಚೌಕಟ್ಟನ್ನು ನನ್ನಿಂದ ತೆಗೆದುಕೊಂಡು ಬ್ಯಾಟಿಗೆ ಹಾಕಿ, ನಾಲ್ಕೂ ತಿರುಪುಗಳನ್ನು ಬಿಗಿ ಮಾಡಿದರು. ಎರಡನೆಯ ಆಟವೂ ಹಾಗೇ, ಬೇಗ ಮುಗಿಯಿತು.

ಮನೆಗೆ ಬಂದು ಅಪ್ಪ ಶೂ ಬಿಚ್ಚಿದರು. ಅಮ್ಮ ಕಾಫಿ ಕೊಟ್ಟಳು. ಕುಡಿದರು. ನನಗೆ ಅಳು ಬರಲಿಲ್ಲ. ಬರಬೇಕಿತ್ತೆಂದು ಆಮೇಲೆ ಅನ್ನಿಸಿದೆ.

ಅವನು ಆ ಊಟಕ್ಕೆ ತಕ್ಕವನಾಗಿದ್ದನೇ ಎಂದು ಬೀದಿ ತುಂಬ ದಿನ ಮಾತಾಡಿತು. ಫೈನಲ್‌ಗೆ ತಂದವನೇ ಅವನು ಎಂದು ಕೆಲವರು. ಸೋಲುವುದಕ್ಕೆ ಹೊರಗಿನವನು ಯಾಕೆ ಬೇಕಿತ್ತು, ನಾವೇ ಸೋಲುತ್ತಿರಲಿಲ್ಲವೇ ಎಂದು ಕೆಲವರು. "ಹೋಳಿಗೆಯಿಂದ ಸೋತ್ವಿ ಅಂತಾರಲ್ಲ, ಚೆನ್ನಾಗಿ ಮಾಡಿದ್ದೇ ತಪ್ಪಾಯ್ತಾ?" ಎಂದರು ಲಲಿತಮ್ಮ. ಗಂಗಾಧರ ಮುಂದಿನ ಗುರುವಾರವೂ ನಮ್ಮ ಮನೆಗೆ ಬಂದ. ಅಮ್ಮ ಬಾಗಿಲು ತೆಗೆದಳು. ಅವನು ಒಳಗೆ ಬರುವ ಮೊದಲು ಹೊಸಿಲಿನ ಆಚೆ ಸ್ವಲ್ಪ ಹೊತ್ತು ನಿಂತಿದ್ದ. ಕೆಲವು ದಿನಗಳಲ್ಲೇ ಒಂದು ಕಾರ್ಖಾನೆಯ ತಂಡ ಅವನನ್ನು ಕೆಲಸ ಕೊಟ್ಟು ಕರೆದುಕೊಂಡಿತು. ಅಲ್ಲಿ ಅವನು ಚೆನ್ನಾಗಿ ಆಡಿದನೆಂದು ಕೇಳಿದ್ದೇನೆ.

ಅಂಕಣಕ್ಕೆ ಮಾತ್ರ ಯಾರೂ ಮರಳಲಿಲ್ಲ. ನೋಡುವುದನ್ನು ಅಭ್ಯಾಸ ಮಾಡಿಕೊಂಡವರು ಮತ್ತೆ ಬ್ಯಾಟು ಹಿಡಿಯಲಿಲ್ಲ. ಮಳೆಗೆ ಸುಣ್ಣದ ಗೆರೆ ಹೋಯಿತು, ಮತ್ತೆ ಎಳೆಯುವವರಿರಲಿಲ್ಲ. ಅನಂತರ ಸೈಟಿನ ಯಜಮಾನರು ಪಾಯ ತೋಡಿಸಿದರು. ಜ್ಞಾನಭಾರತಿಯಲ್ಲಿ ಎಂ.ಎ. ಓದುವಾಗ ಸಂಜೆ ಬಸ್ಸಿಳಿದು ಆ ಮನೆಯ ಮುಂದೆಯೇ ಬರುತ್ತಿದ್ದೆ. ಈಗಲೂ ಬರುತ್ತೇನೆ. ಸೆಂಟರ್ ನಿಲ್ಲುತ್ತಿದ್ದ ಜಾಗದಲ್ಲಿ ಅವರ ತುಳಸಿಕಟ್ಟೆ ಇದೆ. ವಾರಾನ್ನದ ಹುಡುಗರು ಈಗ ಯಾವ ಮನೆಗೂ ಬರುವುದಿಲ್ಲ. ಬಾಗಿಲು ತಟ್ಟಿದರೆ ಮೊದಲು ಕಿಟಕಿಯಿಂದ ನೋಡುತ್ತೇವೆ.

ಕಳೆದ ಯುಗಾದಿಯಂದು ಅಪ್ಪ ಪತ್ರಿಕೆ ಓದುತ್ತಿದ್ದಾಗ ನಾನು ಕೇಳಿದೆ.

"ಅವತ್ತು ನೀವೇ ಕೇಳಬಹುದಿತ್ತಲ್ಲ ಅಪ್ಪ?"

ಯಾವತ್ತು ಎಂದು ಅವರು ಕೇಳಲಿಲ್ಲ. "ಏನಂತ?"

"ನಾನು ಆಡ್ತೀನಿ ಅಂತ."

"ಅದನ್ನ ಕೇಳ್ತಾರೇನೇ," ಎಂದರು. "ಕರೀತಾರೆ."

ಆಮೇಲೆ ಆಟದ ಪುಟವನ್ನು ತಿರುಗಿಸಿ ಮುಂದಿನದನ್ನು ಓದತೊಡಗಿದರು.