ಫೆಲಿಕ್ಸ್ ಅಂಕಲ್ ಮಡಿಸಿದ ನೀಲಿ ಬಟ್ಟೆ

ಇನ್ನೂರ ನಲವತ್ತು ಡಾಲರ್. ಒಂದು ಡಾಲರೂ ಇಳಿಯಲಿಲ್ಲ. ಟೈಲ್ಸ್ ಹಾಕುತ್ತಲೇ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ ಸ್ವಂತ ಮನೆ ಮಾಡಿಕೊಂಡ ನಾನು, ಹೇಳಿದ ಬೆಲೆಗೇ ಕೊಂಡ ಸಾಮಾನು ಅದೊಂದೇ. ಕಾರಣ, ಮಾರುತ್ತಿದ್ದವರು ಫೆಲಿಕ್ಸ್ ಅಂಕಲ್. ಬಾಕ್ಸ್ ಹಿಲ್ ಹತ್ತಿರದ ಭಾನುವಾರದ ಸಂತೆಯಲ್ಲಿ ಅವರ ಹಳೆ ಸಾಮಾನಿನ ಟೇಬಲ್ಲು. ಯಾರಾದರೂ ಬೆಲೆ ಇಳಿಸಿ ಕೇಳಿದರೆ ಅವರು ವಾದಿಸುತ್ತಿರಲಿಲ್ಲ. ಸಾಮಾನಿನ ಕೆಳಗೆ ಹಾಸಿದ ನೀಲಿ ಬಟ್ಟೆಯ ಒಂದು ಮೂಲೆಯನ್ನು ಅದರ ಮೇಲೆ ಮಡಿಸುತ್ತಿದ್ದರು. ಮತ್ತೆ ಕೇಳಿದರೆ ಇನ್ನೊಂದು ಮೂಲೆ. ನಾಲ್ಕನೆಯದನ್ನೂ ಮಡಿಸಿದರೆ ಸಾಮಾನು ಪೆಟ್ಟಿಗೆಗೆ, ವ್ಯಾಪಾರ ಮುಗಿಯಿತು. ನಾನು ಮೂರಕ್ಕೆ ಸೋತೆ.

ಅದು ಜಪಾನಿನ ಯಾತಾತೆ. ಹಿಂದಿನ ಕಾಲದ ಜನ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಬರೆಯುವ ಸಲಕರಣೆ. ತಾಮ್ರದ್ದು, ನೋಡಲು ಪುಟ್ಟ ಸೌಟಿನ ಹಾಗೆ. ಹಿಡಿಯ ಕೊಳವೆಯಲ್ಲಿ ಕುಂಚ, ತುದಿಯ ಕುಡಿಕೆಯಲ್ಲಿ ಮಸಿಯಲ್ಲಿ ನೆನೆಸಿದ ರೇಷ್ಮೆಯ ಉಂಡೆ. ಮುಚ್ಚಳದ ಮೇಲೊಂದು ಏಡಿ. ಇಡೀ ಸಾಮಾನಿಗೆ ಕಪ್ಪು ಬೆಲ್ಲದ ಬಣ್ಣ.

"ನಮ್ಮ ಮಂಗಳೂರಿನ ಏಡಿ ಹಾಗೇ ಉಂಟು. ಸಾರಿಗೆ ಮಾತ್ರ ಹಾಕ್ಬೇಡಿ ಮಾರಾಯ್ರೆ" ಎಂದರು. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದೂ ಹೇಳಿದ್ದರು. ಮಾರುವವರ ಮಾತು ಎಂದುಕೊಂಡೆ.

ಆಯುಧಪೂಜೆ ಬಂತು. ವ್ಯಾನು, ಟೈಲ್ ಕಟರು, ಕರಣೆ ಎಲ್ಲವನ್ನೂ ತೊಳೆದವನಿಗೆ ಇದೊಂದನ್ನು ಕಪ್ಪಗೆ ದೇವರ ಮುಂದಿಡಲು ಮನಸ್ಸಾಗಲಿಲ್ಲ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಏಡಿ ಹೊಸ ತಂಬಿಗೆಯಂತೆ ಹೊಳೆಯಿತು. ಹೆಮ್ಮೆಪಟ್ಟೆ.

ಮುಂದಿನ ತಿಂಗಳು ಸಿಡ್ನಿಯ ರೌಸ್ ಹಿಲ್‌ಗೆ, ತಮ್ಮನ ಮನೆಯ ಟೈಲ್ಸ್ ಕೆಲಸಕ್ಕೆ ಹೋದಾಗ, ಈಗ ಎಷ್ಟು ಬಾಳುತ್ತದೆ ನೋಡೋಣ ಎಂದು ಅದನ್ನು ಅಲ್ಲಿನ ಹಳೆ ಸಾಮಾನಿನ ಅಂಗಡಿಯೊಂದಕ್ಕೆ ಒಯ್ದೆ. ಟೈ ಕಟ್ಟಿದ್ದ ಆ ಮಹಾಶಯ ಅರ್ಧ ನಿಮಿಷ ನೋಡಿ, ಇದು ಮೊನ್ನೆ ಮೊನ್ನೆ ಮಾಡಿದ್ದು, ನಿನ್ನ ಮೆಲ್ಬರ್ನ್‌ನವನು ನಿನಗೆ ಟೋಪಿ ಹಾಕಿದ್ದಾನೆ ಎಂದ. ಅದೇ ಉಸಿರಿನಲ್ಲಿ, ಬೇಕಾದರೆ ಅರವತ್ತು ಡಾಲರಿಗೆ ತಾನೇ ಇಟ್ಟುಕೊಳ್ಳುತ್ತೇನೆ ಎಂದ. ಹೊಸದಾದರೆ ನಿನಗೇಕಯ್ಯಾ ಬೇಕು? ಇದನ್ನು ಬರೆಯುವಾಗಲೂ ನನ್ನ ರಕ್ತ ಕುದಿಯುತ್ತದೆ. ಟೈಲ್ಸ್ ಗೋಡೌನಿನಲ್ಲಿ ದಿನಾ ನಾನೇ ಆಡುವ ಆಟ ಅದು: ಮೊದಲು ಹೀಗಳೆ, ಆಮೇಲೆ ಜೇಬಿಗೆ ಕೈ ಹಾಕು. ನನ್ನ ಮೇಲೇ ಆಡಿದಾಗ ಗೊತ್ತಾಗಲಿಲ್ಲ. ಸಾಮಾನನ್ನು ಅವನಿಗೆ ಕೊಡಲಿಲ್ಲ. ಅವನ ಮಾತನ್ನು ಮಾತ್ರ ನಂಬಿಕೊಂಡು ಬಂದೆ.

ಭಾನುವಾರ, ತುಂಬಿದ ಸಂತೆಯಲ್ಲಿ, ಯಾತಾತೆಯನ್ನು ಆ ನೀಲಿ ಬಟ್ಟೆಯ ಮೇಲೆ ಕುಕ್ಕಿ, ಫೆಲಿಕ್ಸ್ ಅಂಕಲ್‌ರನ್ನು ಮೋಸಗಾರ ಎಂದೆ. ಅಕ್ಕಪಕ್ಕದ ಟೇಬಲ್ಲಿನವರೆಲ್ಲ ತಿರುಗಿ ನೋಡಿದರು. ಇಪ್ಪತ್ತು ವರ್ಷ ಅದೇ ಜಾಗದಲ್ಲಿ ಕೂತು ಗಳಿಸಿದ ಮರ್ಯಾದೆ ಅವರದು. ಅವರು ಮೊದಲು ನನ್ನ ದುಡ್ಡು ನನ್ನ ಕೈಗಿಟ್ಟರು. ಆಮೇಲೆ ಏಡಿಯ ಬೆನ್ನನ್ನು ಹೆಬ್ಬೆರಳಿನಿಂದ ಸವರಿದರು.

"ಹುಳಿ ಹಾಕಿ ತಿಕ್ಕಿದ್ರಾ?"

ಹೌದು ಎಂದೆ. ಮುಚ್ಚಳ ತೆರೆದು ತೋರಿಸಿದರು. ಅದರ ಒಳಮೈಯಲ್ಲಿ ಇನ್ನೂ ಅದೇ ಬೆಲ್ಲದ ಬಣ್ಣ. ಒದ್ದೆ ಬೆರಳನ್ನು ರೇಷ್ಮೆಯ ಉಂಡೆಗೆ ಒತ್ತಿ, ಅದೇ ಬೆರಳನ್ನು ನನ್ನ ಅಂಗೈಗೆ ಒತ್ತಿದರು. ಕಪ್ಪು ಗುರುತು ಮೂಡಿತು.

"ಈ ಮಸಿ ನಾನು ಹಾಕಿದ್ದಲ್ಲ. ಹೊರಗೆ ನೂರು ವರ್ಷ ಕೈಯಾಡಿ ಬಂದ ಬಣ್ಣ ಇತ್ತು, ಅದನ್ನು ನೀವು ತೆಗೆದ್ರಿ. ಈಗ ನನ್ನ ಹೆಸರು ತೆಗೀಲಿಕ್ಕೆ ಬಂದಿದ್ದೀರಿ."

ತಪ್ಪಾಯ್ತು ಅಂಕಲ್, ಮುನ್ನೂರು ತಗೊಂಡು ನನಗೇ ವಾಪಸ್ ಕೊಡಿ ಎಂದೆ. ನೋಡಿ ನನ್ನ ಬುದ್ಧಿ, ಆಗಲೂ ಚೌಕಾಸಿಯೇ. ಅವರು ಬಟ್ಟೆಯ ಒಂದು ಮೂಲೆ ಮಡಿಸಿದರು. ಮುನ್ನೂರೈವತ್ತು ಎಂದೆ. ಇನ್ನೊಂದು ಮೂಲೆ. ದುಡ್ಡನ್ನು ಜೇಬಿಗಿಟ್ಟೆ. ಉಳಿದೆರಡನ್ನೂ ಅವರು ನಿಧಾನವಾಗಿ ಮಡಿಸಿದರು.

ನಾಚಿಕೆಯಿಂದ ತಿಂಗಳುಗಟ್ಟಲೆ ಆ ಕಡೆ ಸುಳಿಯಲಿಲ್ಲ. ಕೊನೆಗೆ ಹೋದಾಗ ಅಲ್ಲಿ ಫೋನ್ ಕವರ್ ಮಾರುವವನೊಬ್ಬ ಕೂತಿದ್ದ. ಪಕ್ಕದ ಟೇಬಲ್ಲಿನ ಮುದುಕಿ, ಫೆಲಿಕ್ಸ್ ತೀರಿಕೊಂಡರು ಎಂದಳು. ನನ್ನ ಗುರುತು ಸಿಕ್ಕಿರಬೇಕು, ಮುಖ ತಿರುಗಿಸಿಕೊಂಡಳು.

ಹಳೆಯ ಲೋಹದ ಸಾಮಾನು ಕೊಳ್ಳುವುದಾದರೆ ಹೊರಗಿನ ಹೊಳಪಿಗಿಂತ ಮೊದಲು ಮುಚ್ಚಳದ ಒಳಗೆ ನೋಡಿ. ಹುಣಸೆಹಣ್ಣನ್ನು ಅಡುಗೆಮನೆಯಲ್ಲೇ ಬಿಡಿ. ಪೂಜೆಯ ಅರಿಶಿನ ಕುಂಕುಮವನ್ನು ಸಾಮಾನಿಟ್ಟ ಪೆಟ್ಟಿಗೆಗೆ ಹಚ್ಚಿದರೆ ಸಾಕು. ಸಾಮಾನನ್ನು ಹೀಗಳೆದವನೇ ಅದನ್ನು ಕೊಳ್ಳುತ್ತೇನೆಂದರೆ, ಅವನ ಮಾತನ್ನೂ ಅಲ್ಲೇ ಬಿಟ್ಟು ಹೊರಗೆ ಬನ್ನಿ. ಮಾರಿದವರ ಮೇಲೆ ಅನುಮಾನ ಬಂತೋ, ಸಂತೆಯಲ್ಲಿ ಜನವಿಲ್ಲದ ಹೊತ್ತು ನೋಡಿ ಹೋಗಿ. ಸಾಮಾನಿಗೆ ನೀವೇನು ಮಾಡಿದಿರಿ ಎಂಬುದನ್ನು ಮೊದಲು ಹೇಳಿ. ಪ್ರಶ್ನೆ ಆಮೇಲೆ ಕೇಳಿ.